ಹಗ್ಗ ಎಲ್ಲಿ ಉಜ್ಜುತ್ತೆ ನೋಡು

ಕೋಲಾರ

ಚಿನ್ನೀ,

ನಿನ್ನೆ ನೀನು ಅಳ್ತಾ ಫೋನ್ ಇಟ್ಟೆ. ಅದಕ್ಕೇ ಈ ಕಾಗದ. ದೋಣಿಯ ಹೊಸ ಪೇಂಟಿಗೆ ಕಟ್ಟಿದ ಹಗ್ಗದ ಗೆರೆ ಬಿತ್ತು ಅಂತ ಮಾಲೀಕರು ನಿನ್ನ ಸಂಬಳದಲ್ಲಿ ಹಿಡ್ಕೊಂಡಿದ್ದಕ್ಕೆ ನಿಮ್ಮಮ್ಮ ‘ಕೊಚ್ಚಿ ಕೆಲಸ ಸಾಕು, ವಾಪಸ್ ಬರಲಿ’ ಅಂತ ರಾತ್ರಿಯೆಲ್ಲ ಒಂದೇ ಸಮ. ನಾನು ಹೂಂ ಅನ್ನಲಿಲ್ಲ, ಉಹೂಂನೂ ಅನ್ನಲಿಲ್ಲ.

ಫೋಟೋ ನೋಡಿದೆ. ನೀಲಿ ಮೇಲೆ ಬೆರಳಗಲ ಮಂಕಾಗಿದೆ, ನಡುವೆ ಪ್ರೈಮರ್ ಇಣುಕ್ತಿದೆ. ಅದರ ಮೇಲೆ ಪಾಲಿಶ್ ಕಾಂಪೌಂಡ್ ಹಾಕಿ ಉಜ್ಜಬೇಡ, ಇರೋದೂ ಹೋಗುತ್ತೆ. ಟೊಮೆಟೊ ಲಾರಿ ಬಾಡಿಗೂ ಹಿಂಗೇ ಆಗೋದು. ಬಣ್ಣ ಕೊಯ್ಯೋದು ಹಗ್ಗಕ್ಕಿಂತ ಹೆಚ್ಚಾಗಿ ಅದರೊಳಗೆ ಕೂತ ಧೂಳು. ನಿಮ್ಮಲ್ಲಿ ಉಪ್ಪು, ಮರಳು. ಹಗ್ಗಾನೂ, ಜೆಟ್ಟಿಗೆ ತಾಗದಂಗೆ ಪಕ್ಕೆಗೆ ಇಳಿಬಿಡೋ ಮೆತ್ತೆ ಫೆಂಡರನ್ನೂ ಸಿಹಿನೀರಲ್ಲಿ ತೊಳೀತಿರು.

ನೀರು ಏರೋ ಭರತದ ಹೊತ್ತಲ್ಲಿ ಹೋಗಿ ನಿಂತು ನೋಡು. ದೋಣಿ ಮೇಲೆದ್ದರೆ ಹಗ್ಗ ಕೆಳಕ್ಕಿಳಿದು ಪಕ್ಕೆ ಒರಸ್ಕೊಂಡು ಹೋಗುತ್ತೆ. ನೈಲಾನ್ ಹಿಗ್ಗುತ್ತೆ, ಕುಗ್ಗುತ್ತೆ. ಅಲೆ ಬಂದಾಗಲೆಲ್ಲ ಗರಗಸ ಎಳೆದಂತೆ. ಆಚೆ ಬದಿ ಕ್ಲೀಟಿನಿಂದ, ಅದೇ ಹಗ್ಗ ಸುತ್ತೋ ಗೂಟದಿಂದ, ದೋಣಿ ಮೂತಿ ದಾಟಿಸಿ ಕಟ್ಟಬೇಡ, ಜೆಟ್ಟಿ ಕಡೆ ಕ್ಲೀಟಿನಿಂದಲೇ ತೆಗಿ. ಉಜ್ಜೋ ಜಾಗಕ್ಕೆ ಚರ್ಮ ಇಲ್ಲಾ ದಪ್ಪ ಕ್ಯಾನ್ವಾಸಿನ ತೋಳು ಹಾಕಿ ಹಗ್ಗಕ್ಕೇ ಹೊಲಿ, ಸರಿದು ಹೋಗದಂಗೆ. ಪ್ಲಾಸ್ಟಿಕ್ ಪೈಪ್ ಬೇಡ. ಗಾಳಿ ಜೋರಾದ ದಿನ ಒಳಗೆ ನೈಲಾನ್ ಬಿಸಿಯಾಗುತ್ತೆ, ನೀರೂ ಸೇರಲ್ಲ. ಬಟ್ಟೆಯಾದರೆ ನೆನೆದು ತಣ್ಣಗಿರುತ್ತೆ.

ಪೇಂಟ್ ಹೋದರೆ ಇನ್ನೊಂದು ಕೋಟ್ ಹೊಡೀಬಹುದು. ದೋಣಿಗೂ ಜೆಟ್ಟಿಗೂ ನಡುವೆ ಕೈ ಮಾತ್ರ ಇಡಬೇಡ. ಗೀರಾಗುತ್ತೆ ಅಂತ ಅಂಗೈ ಒತ್ತಿ ತಡೆಯೋಳು ನೀನು, ನನಗೆ ಗೊತ್ತಿಲ್ವಾ. ಶ್ರೀನಿವಾಸಪುರದ ಮಾವಿನ ಲೋಡಿನ ದಿನದ ಮಾತು ಬೇಡ, ಇಬ್ಬರಿಗೂ ಗೊತ್ತು. ಟನ್‌ಗಟ್ಟಲೆ ತೂಕ ಮೆಲ್ಲಗೆ ಬರೋವಾಗ ಕಾಲಲ್ಲೇ ತಳ್ಳಬಹುದು ಅನ್ಸುತ್ತೆ. ಕಾಲೂ ಇಡಬೇಡ. ಫೆಂಡರ್ ಇಳಿಸು, ಇಲ್ಲದಿದ್ದರೆ ಗೀರಾಗಲಿ ಬಿಡು. ಬಿಗಿದ ಹಗ್ಗದ ನೇರಕ್ಕೂ ನಿಲ್ಲಬೇಡ, ನೈಲಾನ್ ಕಿತ್ತರೆ ಚಾಟಿ ಥರ ವಾಪಸ್ ಬರುತ್ತೆ. ಸುತ್ತಿದ ಹಗ್ಗದೊಳಗೆ ಬೆರಳು ಹಾಕಬೇಡ. ಕೈ, ಚಿನ್ನೀ, ಕೈ.

ಬೈದಂಗೆ ಆಯ್ತೇನೋ. ನಿನ್ನೆ ಫೋನಲ್ಲೂ ದನಿ ಏರಿತು, ಬೇಜಾರು ಮಾಡ್ಕೋಬೇಡ.

2018ರ ಮೇನಲ್ಲಿ ನೌಕಾಪಡೆಯ ಆರು ಜನ ಹೆಣ್ಣುಮಕ್ಕಳು ತಾರಿಣಿ ಅನ್ನೋ ಹಾಯಿದೋಣಿಯಲ್ಲಿ ಭೂಮಿ ಸುತ್ತಿ ಗೋವಾಕ್ಕೆ ಬಂದರಲ್ಲ, ಆ ಪೇಪರ್ ಕತ್ತರಿಸಿ ಶೆಡ್ ಬಾಗಿಲಿಗೆ ಅಂಟಿಸಿದ್ದು ನಾನೇ. ಆ ವರ್ಷವೇ ನಮ್ಮ ಲಕ್ಷ್ಮೀಸಾಗರ ಕೆರೆಗೆ ಕೆ.ಸಿ. ವ್ಯಾಲಿ ನೀರು, ಬೆಂಗಳೂರಿನ ಕೊಳಚೆ ಶುದ್ಧ ಮಾಡಿ ಬಿಟ್ಟಿದ್ದು, ಬಂದದ್ದು. ಅಷ್ಟು ನೀರು ನೋಡೋಕೇ ಜನ ಗುಂಪು ಕಟ್ಕೊಂಡು ಹೋಗ್ತಿದ್ರು. ಅಂಥ ಊರಿನ ಹುಡುಗಿ ದೋಣಿ ಕಟ್ತಾಳೆ ಅಂತ ಶೆಡ್ಡಿಗೆ ಬಂದವರಿಗೆಲ್ಲ ಹೇಳ್ಕೊಂಡಿದ್ದೀನಿ. ಈಗ ವಾಪಸ್ ಬಾ ಅನ್ನೋಕೆ ಬಾಯಿ ಬರಲ್ಲ.

ಹಗ್ಗದ ದಪ್ಪ ಅಳೆದು ಕಳಿಸು, ಕ್ಯಾನ್ವಾಸ್ ತೋಳು ಇಲ್ಲೇ ಹೊಲಿಸಿ ಪಾರ್ಸೆಲ್ ಹಾಕ್ತೀನಿ. ಎಷ್ಟು ಹಿಡ್ಕೊಂಡ್ರು ಅನ್ನೋದನ್ನ ಅಮ್ಮನಿಗೆ ಹೇಳಬೇಡ, ನನಗೆ ಹೇಳು.

ನಿನ್ನ ಅಪ್ಪ