ಅಪ್ಪಯ್ಯನ ಮಂಡಿ ಮೊದಲು, ಆಮ್‌ಸ್ಟರ್‌ಡಾಮ್ ಆಮೇಲೆ

ಆಮ್‌ಸ್ಟರ್‌ಡಾಮ್
ನವೆಂಬರ್ 25

ಅಪ್ಪಯ್ಯ, ಅಮ್ಮ ಇಬ್ಬರಿಗೂ ನಮಸ್ಕಾರ. ನಾವು ಮೂವರೂ ಚೆನ್ನಾಗಿದ್ದೇವೆ. ಚಳಿ ಇದೆ, ಆದರೆ ಮನೆಯೊಳಗೆ ಬೆಚ್ಚಗಿದೆ. ಸಂಜೆ ನಾಲ್ಕೂವರೆಗೇ ಕತ್ತಲಾಗುತ್ತದೆ, ಅದೊಂದೇ ಬೇಜಾರು.

ಅಮ್ಮಾ, ನಿನ್ನ ಪತ್ರ ನಿನ್ನೆ ಬಂತು. ಮೂರು ಸಲ ಓದಿದೆ. ಅಪ್ಪಯ್ಯ ತೋಟದ ಕಾಲುಸಂಕದ ಮೇಲೆ ಜಾರಿ ಬಿದ್ದದ್ದು ಆಗಸ್ಟ್‌ನಲ್ಲಿ. ನನಗೆ ಗೊತ್ತಾದದ್ದು ಈಗ! ಗಿರೀಶನೂ ಬಾಯಿ ಬಿಡಲಿಲ್ಲ. ಫೋನಿನಲ್ಲಿ ಕೇಳಿದಾಗಲೆಲ್ಲ ಅಪ್ಪಯ್ಯ "ನಂಗೆಂತ ಆಗಿದೆ, ಅರಾಮಿದ್ದೇನೆ" ಅಂತ ಫೋನನ್ನು ನಿನ್ನ ಕೈಗೆ ಕೊಟ್ಟುಬಿಡುತ್ತಿದ್ದರು. ಅದಕ್ಕೇ ಈಗ ಬರೆಯುತ್ತಿದ್ದೇನೆ. ಜಗಲಿಯಲ್ಲಿ ಕೂರಿಸಿ ಇದನ್ನು ಪೂರ್ತಿ ಓದಿ ಹೇಳು. ನಡುವೆ ಎದ್ದು ಹೋಗಲು ಬಿಡಬೇಡ.

ಎರಡೂ ಮಂಡಿ ಸವೆದಿದೆ, ಬಲಗಾಲಿನದ್ದು ಬೇಗ ಬದಲಾಯಿಸಬೇಕು ಅಂತ ಶಿವಮೊಗ್ಗದ ಡಾಕ್ಟರು ಹೇಳಿದ್ದಾರೆ. ಅಪ್ಪಯ್ಯ ಏನು ಹೇಳುತ್ತಾರೆ? ಅಡಿಕೆ ಕೊನೆ ಕೊಯ್ಲು ಮುಗಿಯಲಿ, ಏಪ್ರಿಲ್‌ನಲ್ಲಿ ಮಗಳ ಊರು ನೋಡಿ ಬರೋಣ, ಆಪರೇಷನ್ ಆಮೇಲೆ ನೋಡಿದರಾಯಿತು, ಟಿಕೆಟ್ ದುಡ್ಡು ಹಾಳಾಗಬಾರದು. ಇದನ್ನು ಓದಿ ನನಗೆ ಅಳು ಬಂತು. ಟಿಕೆಟಿನ ದಿನ ಬದಲಾಯಿಸಬಹುದು. ಸ್ವಲ್ಪ ಹೆಚ್ಚಿಗೆ ಕೊಡಬೇಕಾಗುತ್ತದೆ, ಅಷ್ಟೇ. ಅದು ನಮಗೆ ಕಷ್ಟವೇ ಅಲ್ಲ.

ಅಪ್ಪಯ್ಯ, ಈ ಮಂಡಿ ಇಟ್ಟುಕೊಂಡು ಇಲ್ಲಿಗೆ ಬಂದರೆ ನಮ್ಮ ಮನೆಯ ಒಳಗೇ ಬರಲು ಆಗುವುದಿಲ್ಲ. ನಾವಿರುವುದು ಎರಡನೇ ಮಹಡಿ. ಲಿಫ್ಟ್ ಇಲ್ಲ. ಮೆಟ್ಟಿಲು ಅಂದರೆ ನಮ್ಮ ಅಟ್ಟಕ್ಕೆ ಹತ್ತುವ ಏಣಿಯ ಹಾಗೆ, ಪಾದ ಅರ್ಧ ಮಾತ್ರ ಕೂರುತ್ತದೆ. ಹಳೆಯ ಮನೆಗಳೆಲ್ಲ ಹೀಗೆ. ಅಗಲ ಕಡಿಮೆ, ಎತ್ತರ ಜಾಸ್ತಿ. ಮಂಚ, ಕಪಾಟು ಯಾವುದೂ ಮೆಟ್ಟಿಲಲ್ಲಿ ಹೋಗುವುದಿಲ್ಲ. ಅದಕ್ಕೇ ಕಾಲುವೆ ದಂಡೆಯ ಮನೆಗಳ ನೆತ್ತಿಯಲ್ಲಿ ಒಂದು ತೊಲೆ ಹೊರಗೆ ಚಾಚಿರುತ್ತದೆ, ತುದಿಯಲ್ಲಿ ಕೊಕ್ಕೆ. ಹಗ್ಗ ಹಾಕಿ ಸಾಮಾನೆಲ್ಲ ಮೇಲೆಳೆದು ಕಿಟಕಿಯಿಂದ ಒಳಗೆ ತೆಗೆದುಕೊಳ್ಳುತ್ತಾರೆ. ಸಾಮಾನು ಗೋಡೆಗೆ ತಾಗದಿರಲಿ ಅಂತ ಎಷ್ಟೋ ಮನೆಗಳನ್ನು ಬೇಕೆಂದೇ ಸ್ವಲ್ಪ ಮುಂದಕ್ಕೆ ವಾಲಿಸಿ ಕಟ್ಟಿದ್ದಾರೆ. ನಮ್ಮ ಸೋಫಾ ಬಂದದ್ದೂ ಕಿಟಕಿಯಿಂದಲೇ. ಪುಟ್ಟಿ ಚಪ್ಪಾಳೆ ತಟ್ಟಿ ಕುಣಿದಳು.

ನೀರಿನ ಮೇಲೆ ಊರು ಹೇಗೆ ನಿಂತಿದೆ ಅಂತ ನೀವು ಕೇಳಿದ್ದಿರಿ, ಅಲ್ವಾ? ಮರದ ಮೇಲೆ ನಿಂತಿದೆ. ಕೆಳಗೆಲ್ಲ ಕೆಸರು. ಅದರೊಳಗೆ ಗಟ್ಟಿ ಮರಳು ಸಿಗುವವರೆಗೆ ಉದ್ದದ ಮರದ ಕಂಬ ಹೊಡೆದು, ಮೇಲೆ ಮನೆ ಕಟ್ಟಿದರು. ಡಾಮ್ ಚೌಕದಲ್ಲಿರುವ ಅರಮನೆಗೆ 13,659 ಕಂಬಗಳಂತೆ. 1648ರಲ್ಲಿ ಕೆಲಸ ಶುರು ಮಾಡಿದ್ದು, ಆಗ ಅದು ಊರಿನ ನಗರಸಭೆ. ಕಂಬ ಪೂರ್ತಿ ನೀರಿನಲ್ಲಿ ಮುಳುಗಿದ್ದರೆ ಗಾಳಿ ತಾಗುವುದಿಲ್ಲ, ಕೊಳೆಯುವುದಿಲ್ಲ. ನೀರು ಇಳಿದು ತಲೆ ಹೊರಬಿದ್ದರೆ ಮಾತ್ರ ಹಾಳು. ಕೆರೆಯಲ್ಲಿ ಮುಳುಗಿಸಿಟ್ಟ ಮರ ಕೆಡುವುದಿಲ್ಲ ಅಂತ ನೀವೇ ಹೇಳುತ್ತಿದ್ದಿರಲ್ಲ. ಹೆರೆನ್‌ಗ್ರಾಖ್ಟ್, ಕೈಸರ್ಸ್‌ಗ್ರಾಖ್ಟ್, ಪ್ರಿನ್ಸನ್‌ಗ್ರಾಖ್ಟ್ ಅಂತ ಮೂರು ದೊಡ್ಡ ಕಾಲುವೆಗಳು ಊರಿನ ಸುತ್ತ ಅರ್ಧ ಚಂದ್ರದ ಹಾಗೆ ಬಳಸಿವೆ. ನಾನೂರು ವರ್ಷದ ಹಿಂದೆ ತೋಡಲು ಶುರು ಮಾಡಿದ್ದು. 2010ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ. ನಮ್ಮ ತೋಟದ ಬಸಿಗಾಲುವೆ ನೋಡಿ ಬೆಳೆದವಳಿಗೆ ಇದು ಬೇಗ ಅರ್ಥವಾಯಿತು. ನೀರನ್ನು ಓಡಿಸುವುದಲ್ಲ, ಹದದಲ್ಲಿ ಇಟ್ಟುಕೊಳ್ಳುವುದು.

ಇದನ್ನೆಲ್ಲ ನಿಮಗೆ ತೋರಿಸಬೇಕು. ಆದರೆ ಗಟ್ಟಿ ಕಾಲಿನಲ್ಲಿ ಬನ್ನಿ.

ನನ್ನ ಲೆಕ್ಕ ಹೀಗಿದೆ. ಜನವರಿಯಲ್ಲಿ ಆಪರೇಷನ್. ನಾನು ಎರಡು ವಾರ ರಜೆ ಹಾಕಿ ಬರುತ್ತೇನೆ. ಬೇಡ ಅನ್ನಬೇಡಿ, ಆಫೀಸಿನಲ್ಲಿ ಹೇಳಿಯಾಯಿತು. ಕೊನೆಗಾರರನ್ನು ಗಿರೀಶ ನೋಡಿಕೊಳ್ಳುತ್ತಾನೆ. ಅಡಿಕೆ ಒಣಗಿಸುವಾಗ ನೀವು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ನೋಡಿದರೆ ಸಾಕು. ಈ ವರ್ಷ ಕೊಳೆರೋಗ ಬಂದು ಫಸಲು ಕಡಿಮೆ ಅಂತ ಗೊತ್ತು. ಆಸ್ಪತ್ರೆಗೆ ಬೇಕಾದ ದುಡ್ಡು ಶುಕ್ರವಾರವೇ ಗಿರೀಶನ ಅಕೌಂಟಿಗೆ ಹಾಕಿದ್ದೇನೆ. ಸೊಸೈಟಿಯಲ್ಲಿ ಸಾಲ ಕೇಳಬೇಡಿ, ದಯವಿಟ್ಟು. ಮೂರು ತಿಂಗಳಾದರೂ ದೂರದ ವಿಮಾನ ಬೇಡ ಅಂತ ಡಾಕ್ಟರು ಗಿರೀಶನಿಗೆ ಹೇಳಿದ್ದಾರೆ. ಆಮೇಲೆ ಮಳೆಗಾಲ. ಹಾಗಾಗಿ ಆಗಸ್ಟ್ ಕೊನೆಗೆ ಹೊರಡಿ.

ಅಮ್ಮಾ, ಟ್ಯೂಲಿಪ್ ತಪ್ಪಿಹೋಗುತ್ತದೆ ಅಂತ ಬೇಜಾರು ಮಾಡಬೇಡ. ಕ್ಯೂಕೆನ್‌ಹೋಫ್ ತೋಟ ಮಾರ್ಚ್‌ನಿಂದ ಮೇವರೆಗೆ ಎಂಟು ವಾರ ಮಾತ್ರ ತೆರೆದಿರುತ್ತದೆ, ನಿಜ. 70 ಲಕ್ಷ ಗೆಡ್ಡೆ ನೆಡುತ್ತಾರೆ. ಆದರೆ ಸೆಪ್ಟೆಂಬರ್ ಇಲ್ಲಿ ಯಾವ ಹೂವಿನ ಕಾಲ ಗೊತ್ತಾ? ಡೇಲಿಯಾ! ನಿನ್ನ ಡೇರೆ ಹೂವೇ. ದಕ್ಷಿಣದಲ್ಲಿ ಜುಂಡರ್ಟ್ ಅಂತ ಒಂದು ಊರಿದೆ, ಚಿತ್ರಕಾರ ವ್ಯಾನ್ ಗೋ ಹುಟ್ಟಿದ ಊರು. ಸೆಪ್ಟೆಂಬರ್ ಮೊದಲ ಭಾನುವಾರ ಅಲ್ಲಿ 20 ಕೇರಿಯವರು 20 ತೇರು ಕಟ್ಟುತ್ತಾರೆ. ಪೂರ್ತಿ ಡೇರೆ ಹೂವಿನದ್ದು, ಮನೆಯಷ್ಟು ಎತ್ತರ. ಒಳಗೆ ಜನ ನಿಂತು ತಳ್ಳಿಕೊಂಡು ಹೋಗುತ್ತಾರೆ. ನಿನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿಯೇ ಹೋಗುತ್ತೇನೆ.

ಅಪ್ಪಯ್ಯನಿಗೆ ದೋಣಿ. ಮೇಲೆ ಗಾಜು ಹಾಕಿದ ದೋಣಿಯಲ್ಲಿ ಒಂದು ಗಂಟೆ ಕೂತರೆ ಊರೆಲ್ಲ ಕಾಣುತ್ತದೆ. ರೆಗುಲಿಯರ್ಸ್‌ಗ್ರಾಖ್ಟ್ ಹತ್ತಿರ ಒಂದೇ ಕಡೆಯಿಂದ ಸಾಲಾಗಿ ಏಳು ಸೇತುವೆ ನೋಡಬಹುದು. ರಾತ್ರಿ ಕಮಾನಿಗೆಲ್ಲ ದೀಪ ಹಚ್ಚುತ್ತಾರೆ. ಹತ್ತಲು ಇಳಿಯಲು ಮೆಟ್ಟಿಲಿದೆ, ಅದಕ್ಕೂ ಮಂಡಿ ಬೇಕು. ರೈಲ್ವೆ ಸ್ಟೇಷನ್ನಿನ ಹಿಂದೆ ಮಾತ್ರ ಮೆಟ್ಟಿಲೇ ಇಲ್ಲದ ದೋಣಿ ಇದೆ. ನಮ್ಮ ಹೊಳೆಬಾಗಿಲಿನಲ್ಲಿ ಶರಾವತಿ ಹಿನ್ನೀರು ದಾಟಿಸುತ್ತಿದ್ದ ಲಾಂಚ್ ಹಾಗೇ, ಹಲಗೆ ಇಳಿಸುತ್ತಾರೆ, ನಡೆದುಕೊಂಡು ಹೋಗಿ ನಿಂತರಾಯಿತು. ಟಿಕೆಟ್ ಇಲ್ಲ, ಪೂರ್ತಿ ಉಚಿತ. ಸೈಕಲ್ಲಿನವರೇ ಜಾಸ್ತಿ. ಸಿಗಂದೂರಿಗೆ ಸೇತುವೆ ಆದಮೇಲೆ ಲಾಂಚ್ ನೆನಪಾದಾಗಲೆಲ್ಲ ನಾನು ಸುಮ್ನೆ ಇದರಲ್ಲಿ ಹೋಗಿ ಬರುತ್ತೇನೆ.

ರೈಕ್ಸ್ ಮ್ಯೂಸಿಯಮ್ಮಿನಲ್ಲಿ ಲಿಫ್ಟ್ ಇದೆ, ಚಿಂತೆ ಇಲ್ಲ. ರೆಂಬ್ರಾಂಟ್ 1642ರಲ್ಲಿ ಮುಗಿಸಿದ 'ನೈಟ್ ವಾಚ್' ಅನ್ನುವ ದೊಡ್ಡ ಚಿತ್ರ ನೋಡಲು ಎಲ್ಲರೂ ಅಲ್ಲಿಗೇ ಓಡುತ್ತಾರೆ. ಹೊಸ ಗೋಡೆಗೆ ಹಿಡಿಸಲಿಲ್ಲ ಅಂತ 1715ರಲ್ಲಿ ಅದರ ನಾಲ್ಕೂ ಅಂಚು ಕತ್ತರಿಸಿದ್ದರಂತೆ, ಕೇಳಿದರೆ ಹೊಟ್ಟೆ ಉರಿಯುತ್ತದೆ. ನನಗೆ ಇಷ್ಟ ಮಾತ್ರ ವರ್ಮೀರನ ಪುಟ್ಟ ಚಿತ್ರ. ಒಬ್ಬ ಹೆಂಗಸು ಕಿಟಕಿ ಪಕ್ಕ ನಿಂತು ಹಾಲು ಸುರಿಯುತ್ತಾಳೆ, ಅಷ್ಟೇ. ಅಮ್ಮಾ, ಅವಳ ಮುಖದಲ್ಲಿರುವ ಗಮನ ನೋಡಿದರೆ ನೀನು ಮಜ್ಜಿಗೆ ಕಡೆಯುವುದು ನೆನಪಾಗುತ್ತದೆ.

ಪ್ರಿನ್ಸನ್‌ಗ್ರಾಖ್ಟ್ 263ನೇ ನಂಬರಿನ ಮನೆಗೆ ಹೋದ ತಿಂಗಳು ನಾನೊಬ್ಬಳೇ ಹೋಗಿದ್ದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಡೈರಿ ಬರೆದ ಯಹೂದಿ ಹುಡುಗಿ ಆನ್ ಫ್ರಾಂಕ್ ನಾಜಿಗಳಿಂದ ತಪ್ಪಿಸಿಕೊಂಡು ಅಡಗಿದ್ದ ಮನೆ. 1942ರ ಜುಲೈಯಿಂದ 1944ರ ಆಗಸ್ಟ್‌ವರೆಗೆ ಎಂಟು ಜನ ಅಲ್ಲಿದ್ದರು. ಬಾಗಿಲು ಕಾಣದಂತೆ ಪುಸ್ತಕದ ಕಪಾಟು ಇಟ್ಟಿದ್ದರು. ಕೊನೆಗೆ ಎಲ್ಲರೂ ಸಿಕ್ಕಿಬಿದ್ದರು, ಜೀವಂತ ತಿರುಗಿ ಬಂದದ್ದು ಅವಳ ಅಪ್ಪ ಒಬ್ಬರೇ. ಒಳಗೆ ಗೋಡೆಯ ಮೇಲೆ ಪೆನ್ಸಿಲ್ ಗೆರೆಗಳಿವೆ, ಮಕ್ಕಳಿಬ್ಬರ ಎತ್ತರ ಅಳೆದ ಗುರುತು. ನಮ್ಮ ಜಗಲಿ ಕಂಬದ ಮೇಲೆ ಅಪ್ಪಯ್ಯ ನನಗೂ ಗಿರೀಶನಿಗೂ ಹಾಕಿದ ಗೆರೆಗಳ ಹಾಗೆಯೇ. ಅಲ್ಲಿಂದ ಮುಂದೆ ಕಾಲೇ ಬರಲಿಲ್ಲ. ಪಕ್ಕದಲ್ಲಿ ಅಪ್ಪಯ್ಯ ಇರಬೇಕಿತ್ತು ಅನ್ನಿಸಿತು. ಅಲ್ಲೂ ಕಡಿದಾದ ಮೆಟ್ಟಿಲು, ಗಾಲಿಕುರ್ಚಿ ಹೋಗುವುದಿಲ್ಲ. ಟಿಕೆಟ್ ಪ್ರತಿ ಮಂಗಳವಾರ ಆರು ವಾರ ಮುಂದಿನದ್ದು ಬಿಡುತ್ತಾರೆ, ಇಂಟರ್ನೆಟ್ಟಿನಲ್ಲಿ ಮಾತ್ರ. ನಿಮ್ಮದನ್ನು ನಾನು ಹಿಡಿಯುತ್ತೇನೆ.

ಊಟಕ್ಕೆ ತೊಂದರೆ ಇಲ್ಲ, ಅಕ್ಕಿ ಬೇಳೆ ಎಲ್ಲ ಸಿಗುತ್ತದೆ. ಸಂತೆಯಲ್ಲಿ ನಮ್ಮ ಗುಳಿಯಪ್ಪದಂಥದ್ದು ಮಾಡುತ್ತಾರೆ, ಆದರೆ ಮೊಟ್ಟೆ ಹಾಕುತ್ತಾರೆ. ನಿಮಗೆ ನಾನೇ ಮಾಡಿ ಕೊಡುತ್ತೇನೆ. ಮನೆಯ ಮೆಟ್ಟಿಲಿಗೆ ಹಿಡಿದುಕೊಳ್ಳಲು ಶ್ರೀಧರ ಇನ್ನೊಂದು ಕಡೆಗೂ ಹಗ್ಗ ಕಟ್ಟುತ್ತಾನಂತೆ. ಹೊಸ ಮಂಡಿಯ ಲೋಹಕ್ಕೆ ವಿಮಾನ ನಿಲ್ದಾಣದಲ್ಲಿ ಬೀಪ್ ಅನ್ನಬಹುದು, ಹೆದರಬೇಡಿ, ಎಷ್ಟೋ ಜನರಿಗೆ ಹಾಗೇ ಆಗುತ್ತದೆ. ಸುಬ್ಬಣ್ಣ ಮಾವ ಎರಡೂ ಮಂಡಿ ಮಾಡಿಸಿಕೊಂಡು ಈಗ ದೇವಸ್ಥಾನಕ್ಕೆ ನಡೆದೇ ಹೋಗುತ್ತಾರಲ್ಲ. ಏನೂ ಆಗುವುದಿಲ್ಲ. ಖಂಡಿತ ಏನೂ ಆಗುವುದಿಲ್ಲ. ವ್ಯಾಯಾಮ ಮಾತ್ರ ಒಂದು ದಿನವೂ ತಪ್ಪಿಸುವ ಹಾಗಿಲ್ಲ.

ಪುಟ್ಟಿಯ ಶಾಲೆ ಬಿಡುವ ಹೊತ್ತಾಯಿತು, ಮಳೆ ಬೇರೆ ಶುರುವಾಯಿತು. ಸೈಕಲ್ ತೆಗೆಯಬೇಕು. ಆಪರೇಷನ್ ದಿನ ಗೊತ್ತಾದ ಕೂಡಲೇ ಫೋನ್ ಮಾಡಿ. ಅಲ್ಲಿಯವರೆಗೆ ಅಪ್ಪಯ್ಯ ಒಬ್ಬರೇ ಸಂಕ ದಾಟಬಾರದು. ಗಿರೀಶನಿಗೆ ಹೇಳಿ ಎರಡೂ ಕಡೆ ಬಿದಿರು ಕಟ್ಟಿಸು ಅಮ್ಮಾ, ಇವತ್ತೇ.

ನಿಮ್ಮ
ಸುಮಾ