ಧಾಟಿ ಅಳಿಸುವ ತರಬೇತಿ ಬೇಡ

ಮಾನ್ಯ ಸಂಪಾದಕರೇ,

ಜನಸಮುದಾಯಗಳ ಬದುಕನ್ನು ಅವರದೇ ದನಿಯಲ್ಲಿ ಕೇಳಿಸುವ ಪಾಡ್‌ಕಾಸ್ಟ್‌ಗಳು ಬರುತ್ತಿರುವುದು ಸಂತೋಷದ ಸಂಗತಿ. ಆದರೆ ಧ್ವನಿಮುದ್ರಣಕ್ಕೆ ಮುನ್ನ ಉಚ್ಚಾರಣೆ ತಿದ್ದುವ ನೆಪದಲ್ಲಿ ನಿರೂಪಕರ ಆಡುಮಾತಿನ ಧಾಟಿಯನ್ನೇ ಅಳಿಸುವುದು ಸರಿಯಲ್ಲ. ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿತವರ ಮಾತಿನಲ್ಲಿ ಮೂಲಭಾಷೆಯ ಧಾಟಿ ಗಾಢವಾಗಿದ್ದರೂ ಅದು ಕೇಳುಗರಿಗೆ ಪೂರ್ತಿ ಅರ್ಥವಾಗಬಲ್ಲದು ಎಂಬುದನ್ನು ಸಂಶೋಧಕರಾದ ಮನ್ರೊ ಮತ್ತು ಡರ್ವಿಂಗ್ 1995ರಲ್ಲೇ ತೋರಿಸಿದ್ದಾರೆ.

ತರಬೇತಿಯೇ ಬೇಡವೆಂದಲ್ಲ. ಉಸಿರಿನ ಹಿಡಿತ, ಮಾತಿನ ವೇಗ, ಮೈಕ್‌ನಿಂದ ಇರಬೇಕಾದ ಅಂತರ, ಪದದ ಕೊನೆಯನ್ನು ನುಂಗದಿರುವುದು ಇವನ್ನೆಲ್ಲ ಅಗತ್ಯವಾಗಿ ಕಲಿಸಲಿ. ಮುಖಭಾವ, ಕೈಸನ್ನೆ ಕಾಣದ ಈ ಮಾಧ್ಯಮದಲ್ಲಿ ಹೇಳುವವರ ವಯಸ್ಸು, ಪರಿಸರ, ಒಡನಾಟಗಳು ನಮ್ಮನ್ನು ತಲುಪುವುದು ಬಹುಪಾಲು ದನಿಯ ಏರಿಳಿತದಿಂದಲೇ ಆದ್ದರಿಂದ, ಅದನ್ನು ಬದಲಿಸಬೇಕೇ ಎಂಬ ನಿರ್ಧಾರವನ್ನು ನಿರ್ಮಾಪಕರು ಕಥೆ ಹೇಳುವವರಿಗೇ ಬಿಡಬೇಕೆಂದು ಕಳಕಳಿಯಿಂದ ಕೋರುತ್ತೇನೆ.

– ಒಬ್ಬ ಕೇಳುಗ