ಹೊರದೇಶದ ಕ್ಲಬ್ಬಿನಿಂದ ಕರೆ ಬಂದಿರುವ ಸೋದರಳಿಯನಿಗೆ

ಚಿರಂಜೀವಿಗೆ ಮೈಸೂರಿನಿಂದ ಮಾವನ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ.

ಅಮೆರಿಕದ ಕಾಲೇಜು ತಂಡದಲ್ಲಿ ನಾಲ್ಕು ವರ್ಷ ಮಿಂಚಿದರೂ ಅಲ್ಲಿನ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಗೆ ಹೊಸಬರನ್ನು ಆರಿಸುವ ಡ್ರಾಫ್ಟ್‌ನಲ್ಲಿ ನಿನ್ನ ಹೆಸರು ಬರಲಿಲ್ಲವೆಂದೂ, ಹೊರದೇಶದ ಕ್ಲಬ್ಬಿಗೆ ಹೋಗುವುದೆಂದರೆ ಸೋತು ಹಿಂದೆ ಸರಿದಂತೆಂದು ನೀನು ಮಂಕಾಗಿ ಕುಳಿತಿದ್ದೀಯೆಂದೂ ನಿನ್ನ ಅಮ್ಮ ಹೇಳಿದಳು. ಉತ್ತರ ಬರೆಯುವ ಮೊದಲು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಜಿಮ್ಮರ್ ಫ್ರೆಡೆಟ್ ನಡೆದ ದಾರಿಯನ್ನು ಒಮ್ಮೆ ನೋಡು.

ನ್ಯೂಯಾರ್ಕ್ ರಾಜ್ಯದ ಗ್ಲೆನ್ಸ್ ಫಾಲ್ಸ್ ಎಂಬ ಸಣ್ಣ ಊರಿನವನು. ಎನ್‌ಬಿಎ ಸೇರಲು ಬೇಕಾದ ತ್ಯಾಗವನ್ನೆಲ್ಲ ಮಾಡುವೆನೆಂದು ಹುಡುಗನಾಗಿದ್ದಾಗಲೇ ಅಣ್ಣನೊಡನೆ ಕರಾರು ಮಾಡಿಕೊಂಡು ಸಹಿ ಹಾಕಿದವನು. 2010-11ರಲ್ಲಿ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಪರವಾಗಿ ಪಂದ್ಯಕ್ಕೆ ಸರಾಸರಿ 28.9 ಅಂಕ ಗಳಿಸಿ ಇಡೀ ದೇಶದ ಕಾಲೇಜು ಆಟಗಾರರಲ್ಲಿ ಮೊದಲಿಗನಾದ. ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ನೈಸ್ಮಿತ್, ವುಡನ್ ಪ್ರಶಸ್ತಿಗಳೆರಡೂ ಅವನಿಗೇ ಬಂದವು. ಡ್ರಾಫ್ಟ್‌ನಲ್ಲಿ 10ನೆಯವನಾಗಿ ಆಯ್ಕೆಯಾಗಿ ಎನ್‌ಬಿಎಯ ಸ್ಯಾಕ್ರಮೆಂಟೊ ತಂಡ ಸೇರಿದಾಗ ಅಣ್ಣನೊಡನೆ ಮಾಡಿದ ಕರಾರು ನೆರವೇರಿತು. ಎಷ್ಟು ಹೊತ್ತು ಆಡಿಸುತ್ತಾರೆಂಬುದು ಮಾತ್ರ ಅದರಲ್ಲಿ ಬರೆದಿರಲಿಲ್ಲ, ನೋಡು! ಕಾಲೇಜಿನಲ್ಲಿ ಸದಾ ಅವನ ಕೈಯಲ್ಲಿರುತ್ತಿದ್ದ ಚೆಂಡಿಗಾಗಿ ಇಲ್ಲಿ ಮೂಲೆಯಲ್ಲಿ ನಿಂತು ಕಾಯಬೇಕಾಯಿತು. ಚೆಂಡು ನಡೆಸುವ ಎದುರಾಳಿ ಗಾರ್ಡ್‌ಗಳ ವೇಗವನ್ನು ತಡೆಯುವುದೂ ಕಷ್ಟವಾಯಿತು. ತಂಡಗಳು ಬದಲಾದವೇ ಹೊರತು ಸರಾಸರಿ ಪಂದ್ಯಕ್ಕೆ ಆರು ಅಂಕಗಳ ಆಸುಪಾಸಿನಲ್ಲೇ ಉಳಿಯಿತು.

2016ರಲ್ಲಿ ಅವನು ಚೀನಾದ ಹೆಸರಾಂತ ಆಟಗಾರ ಯಾವೊ ಮಿಂಗ್ ಆಗ ಒಡೆಯನಾಗಿದ್ದ ಶಾಂಘೈ ಶಾರ್ಕ್ಸ್ ತಂಡಕ್ಕೆ ಹೋದ. ಕೈಚಳಕ ಮೊದಲಿನದೇ, ಚೆಂಡು ಮಾತ್ರ ಮರಳಿ ಅವನ ಕೈಗೆ ಬಂದಿತ್ತು. ಚೀನಾದ ಲೀಗ್‌ನಲ್ಲಿ ವಿದೇಶಿ ಆಟಗಾರರ ಸಂಖ್ಯೆಗೆ ಮಿತಿಯಿರುವುದರಿಂದ ಅಂಕ ಗಳಿಸುವ ಹೊರೆಯೆಲ್ಲ ಅವರ ಹೆಗಲಿಗೇ ಬೀಳುತ್ತದೆ, ಮತ್ತು ಆ ಹೊರೆಯನ್ನು ಹೊರಲೆಂದೇ ಹುಟ್ಟಿದವನಂತೆ ಅವನು ಆಡಿದ. ಅಭಿಮಾನಿಗಳು ಅವನ ಹೆಸರಿನ ಉಚ್ಚಾರಣೆಯನ್ನೇ ಹಿಡಿದು ‘ಜಿಮೊ ದಾಶೆನ್’, ಅಂದರೆ ಒಂಟಿ ದೇವರು, ಎಂದು ಕರೆದರು. ಆ ‘ಒಂಟಿ’ ಎಂಬ ಮಾತನ್ನು ನೀನು ಲಘುವಾಗಿ ಎಣಿಸಬೇಡ. 2018ರ ನವೆಂಬರಿನಲ್ಲಿ ಅವನೊಬ್ಬನೇ 75 ಅಂಕ ಹೊಡೆದ ಪಂದ್ಯವನ್ನು ಶಾಂಘೈ ಒಂದೇ ಒಂದು ಅಂಕದಿಂದ ಸೋತಿತು. ನನ್ನ ಲೆಕ್ಕದಲ್ಲಿ ಆ 75ಕ್ಕಿಂತ ಅವನು ಮರುವರ್ಷ ಗ್ರೀಸಿನ ಪನಾಥಿನೈಕೋಸ್ ಕ್ಲಬ್ ಸೇರಿ ಹಲವರಲ್ಲಿ ಒಬ್ಬನಾಗಿ ಆಡಲು ಒಪ್ಪಿದ್ದೇ ದೊಡ್ಡದು. ಕೊನೆಗೆ ತಂಡಕ್ಕೆ ಮೂವರಂತೆ ಆಡುವ ಬ್ಯಾಸ್ಕೆಟ್‌ಬಾಲ್ ಅವನನ್ನು 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಒಯ್ದಿತು; ಅಲ್ಲಿ ಗಾಯಗೊಂಡು ಅರ್ಧದಲ್ಲೇ ಹೊರಗುಳಿದ.

ನನಗೂ ಒಮ್ಮೆ ಹೊರರಾಜ್ಯದ ತಂಡವೊಂದರಿಂದ ಕರೆ ಬಂದಿತ್ತು. ರಾಜ್ಯ ತಂಡದ ಆಯ್ಕೆಗೆ ಕಾಯುತ್ತೇನೆಂದು ಬಿಗುಮಾನದಿಂದ ಬೇಡವೆಂದೆ; ಎರಡು ವರ್ಷ ಕಳೆಯುವಷ್ಟರಲ್ಲಿ ಮಂಡಿ ಕೈಕೊಟ್ಟಿತು, ಮತ್ತೆ ಯಾರೂ ಕರೆಯಲಿಲ್ಲ. ಆದ್ದರಿಂದ ನೀನು ಹೋಗು. ಆದರೆ ಕರೆದವರನ್ನು ಸಂಬಳವೆಷ್ಟೆಂದು ಕೇಳುವ ಮುನ್ನ ಚೆಂಡು ಯಾರ ಕೈಯಲ್ಲಿರುತ್ತದೆಂದು ಕೇಳು. ಅಲ್ಲಿನ ಭಾಷೆಯಲ್ಲಿ ‘ಪಾಸ್ ಕೊಡು’, ‘ತಪ್ಪು ನನ್ನದು’ ಎಂಬೆರಡು ಮಾತುಗಳನ್ನಾದರೂ ವಿಮಾನ ಹತ್ತುವ ಮೊದಲೇ ಕಲಿತುಕೋ.

ಕರಾರಿನ ಪ್ರತಿಯನ್ನು ನನಗೂ ಕಳಿಸು. ಗಾಯವಾದರೆ ಸಂಬಳ ನಿಲ್ಲುತ್ತದೆಯೇ ಎಂಬುದನ್ನು ಯಾವ ಪುಟದಲ್ಲಿ ಅಡಗಿಸಿದ್ದಾರೋ, ಕನ್ನಡಕ ಹಾಕಿಕೊಂಡು ನಾನೇ ಹುಡುಕುತ್ತೇನೆ.

ಇತಿ,
ನಿನ್ನ ಮಾವ